ಮನೆಯೊಳಗಿನ ಚಿತ್ರಮಂದಿರದ ಲೆಕ್ಕ: ಅನಿಮೇಷನ್ ಚಿತ್ರಗಳ ಹೋಮ್ ವಿಡಿಯೊ ಮಾರಾಟವೂ ರಾಮನಗರ ಸೀಮೆಯೂ

ಪ್ರಶ್ನೆಯ ವ್ಯಾಪ್ತಿ

ಚಿತ್ರಮಂದಿರದ ಆಟಗಳು ಮುಗಿದ ಮೇಲೆ ಚಲನಚಿತ್ರವೊಂದು ಕ್ಯಾಸೆಟ್ಟಿನ ರೂಪದಲ್ಲೋ ಡಿಸ್ಕಿನ ರೂಪದಲ್ಲೋ ಮನೆಯನ್ನು ಸೇರಿ, ಅಲ್ಲಿನ ಟಿ.ವಿ.ಯಲ್ಲಿ ಮತ್ತೆ ಮತ್ತೆ ಪ್ರದರ್ಶನಗೊಳ್ಳುವ ವ್ಯವಸ್ಥೆಯನ್ನು ಹೋಮ್ ವಿಡಿಯೊ ಎಂದು ಕರೆಯಲಾಗುತ್ತದೆ. ಈ ವ್ಯವಸ್ಥೆಯಲ್ಲಿ ಅನಿಮೇಷನ್ ಚಿತ್ರಗಳಿಗೆ, ಅಂದರೆ ಒಂದೊಂದಾಗಿ ರಚಿಸಿದ ಚಿತ್ರಗಳನ್ನು ವೇಗವಾಗಿ ಜೋಡಿಸಿ ಚಲನೆಯನ್ನು ಮೂಡಿಸುವ ಸಿನಿಮಾಗಳಿಗೆ, ಮೊದಲಿನಿಂದಲೂ ವಿಶೇಷ ಸ್ಥಾನವಿದೆ. ದೊಡ್ಡವರು ಒಂದು ಚಿತ್ರವನ್ನು ಒಮ್ಮೆ ನೋಡಿ ಬದಿಗಿಟ್ಟರೆ, ಮಗು ತನಗೆ ಹಿಡಿಸಿದ ಚಿತ್ರವನ್ನು ಅದರ ಮಾತುಗಳು ಬಾಯಿಪಾಠವಾಗುವವರೆಗೂ ನೋಡುತ್ತದೆ; ಆದಕಾರಣ ಅಂಥ ಚಿತ್ರವನ್ನು ಬಾಡಿಗೆಗೆ ತರುವುದಕ್ಕಿಂತ ಕೊಂಡು ಇಟ್ಟುಕೊಳ್ಳುವುದೇ ತಂದೆತಾಯಿಗಳಿಗೆ ಲಾಭವೆನಿಸುತ್ತದೆ. ಹೀಗೆ ಕೊಂಡ ಪ್ರತಿಗಳು ಎಷ್ಟು, ಅವನ್ನು ಎಣಿಸುವವರು ಯಾರು, ಎಣಿಸಿದ ಸಂಖ್ಯೆ ನಿಜವಾಗಿ ಯಾವುದನ್ನು ತಿಳಿಸುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಪರಿಶೀಲನೆಗೆ ನೆಲೆಯಾಗಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯನ್ನು ಆಯ್ದುಕೊಳ್ಳಲಾಗಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟ ಈ ನಾಲ್ಕು ತಾಲ್ಲೂಕುಗಳು 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆಯಾದವು. ಮುಂದೆ ಹಾರೋಹಳ್ಳಿಯೂ ಪ್ರತ್ಯೇಕ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸರ್ಕಾರ ತೀರ್ಮಾನಿಸಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 10,82,636. ರಾಜಧಾನಿಯಿಂದ ಒಂದೆರಡು ಗಂಟೆಯ ಹಾದಿಯಲ್ಲಿದ್ದೂ ಹಳ್ಳಿಗಳೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಹೋಮ್ ವಿಡಿಯೊ ಪೇಟೆಯ ಎಲ್ಲ ಪದರಗಳೂ ಕಾಣಸಿಗುತ್ತವೆ. ಆಯ್ಕೆಗೆ ಇನ್ನೂ ಮುಖ್ಯವಾದ ಕಾರಣವೊಂದಿದೆ. ಇದು ಎಣಿಕೆಯ ಶಿಸ್ತನ್ನು ಚೆನ್ನಾಗಿ ಬಲ್ಲ ಸೀಮೆ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದ್ದು, ಅಲ್ಲಿಗೆ ರೈತರು ತಂದ ಗೂಡಿಗೆ ಲಾಟಿನ ಸಂಖ್ಯೆ ಬೀಳುತ್ತದೆ, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ, ತೂಕವಾಗುತ್ತದೆ, ಆ ದಿನ ಬಂದ ಗೂಡಿನ ಪ್ರಮಾಣವೂ ಕನಿಷ್ಠ, ಗರಿಷ್ಠ, ಸರಾಸರಿ ಬೆಲೆಗಳೂ ದಾಖಲಾಗಿ ಪ್ರಕಟವಾಗುತ್ತವೆ. ಅದೇ ಊರಿನ ಮನೆಗಳು ಮೂರು ದಶಕಗಳ ಕಾಲ ಮಕ್ಕಳಿಗೆಂದು ಕೊಂಡ ಚಿತ್ರಗಳಿಗೆ ಅಂಥ ಒಂದು ಸಾಲಿನ ದಾಖಲೆಯೂ ಹುಟ್ಟಲಿಲ್ಲ. ಈ ಎರಡು ಸಂಗತಿಗಳ ನಡುವಣ ಅಂತರ ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಕನ್ನಡದ ಮಕ್ಕಳು ಯಾವ ಭಾಷೆಯಲ್ಲಿ ಕಥೆ ನೋಡುತ್ತ ಬೆಳೆದರು ಎಂಬುದಕ್ಕೂ ಅದು ಸಂಬಂಧಿಸಿದೆ ಎಂಬುದೇ ಇಲ್ಲಿನ ಪ್ರತಿಪಾದನೆ.

ರವಾನೆ, ಮಾರಾಟ, ವಾಪಸಾತಿ

ಹೋಮ್ ವಿಡಿಯೊ ಲೆಕ್ಕದಲ್ಲಿ ಬಳಕೆಯಾಗುವ ಪರಿಭಾಷೆಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ತಯಾರಕ ಸಂಸ್ಥೆಯ ಗೋದಾಮಿನಿಂದ ವಿತರಕರ ಮೂಲಕ ಅಂಗಡಿಗೆ ಹೋದ ಪ್ರತಿಗಳ ಸಂಖ್ಯೆ ರವಾನೆ; ಅಂಗಡಿಯಿಂದ ಗಿರಾಕಿಯ ಕೈಸೇರಿದ ಪ್ರತಿಗಳ ಸಂಖ್ಯೆ ಮಾರಾಟ; ಖರ್ಚಾಗದೆ ಅಂಗಡಿಯಿಂದ ತಯಾರಕರಿಗೆ ಹಿಂದಿರುಗಿದವು ವಾಪಸಾತಿ. ಪತ್ರಿಕಾ ಪ್ರಕಟಣೆಗಳಲ್ಲಿ ಮೆರೆಯುವ ದೊಡ್ಡ ಸಂಖ್ಯೆ ಬಹುತೇಕ ರವಾನೆಯದ್ದಾಗಿರುತ್ತದೆ, ಏಕೆಂದರೆ ತಯಾರಕರ ಕೈಯಲ್ಲಿ ತಕ್ಷಣ ಸಿಗುವ ಲೆಕ್ಕ ಅದೊಂದೇ. ನಿಜವಾದ ಮಾರಾಟ ತಿಳಿಯಬೇಕಾದರೆ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಹೋಗಬೇಕು. ಇವುಗಳ ಜೊತೆಗೆ ಬಾಡಿಗೆಯೆಂಬ ನಾಲ್ಕನೆಯ ಲೆಕ್ಕವೂ ಇದೆ. ವಿಡಿಯೊ ಲೈಬ್ರರಿ ಕೊಂಡದ್ದು ಒಂದೇ ಕ್ಯಾಸೆಟ್ಟಾದರೂ ಅದು ನೂರು ಮನೆಗಳನ್ನು ಸುತ್ತಿಬರಬಹುದು.

ಈ ವ್ಯತ್ಯಾಸವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಪ್ರಸಿದ್ಧ ಉದಾಹರಣೆ ಅನಿಮೇಷನ್ ಕ್ಷೇತ್ರದ್ದೇ ಆಗಿದೆ. ಡ್ರೀಮ್‌ವರ್ಕ್ಸ್ ಅನಿಮೇಷನ್ ಸಂಸ್ಥೆಯ ‘ಶ್ರೆಕ್ 2’ ಚಿತ್ರ 2004ರ ನವೆಂಬರಿನಲ್ಲಿ ಡಿವಿಡಿಯಾಗಿ ಬಂದು ಆರಂಭದ ವಾರಗಳಲ್ಲಿ ಭರಾಟೆಯಿಂದ ಖರ್ಚಾಯಿತು. ಆ ವೇಗ ಮುಂದುವರಿಯುತ್ತದೆಂದು ನಂಬಿ ಅಂಗಡಿಗಳಿಗೆ ರಾಶಿ ರಾಶಿ ಪ್ರತಿಗಳನ್ನು ಕಳುಹಿಸಲಾಯಿತು. 2005ರ ಮೊದಲ ತಿಂಗಳುಗಳಲ್ಲಿ ಬಿಕರಿಯಾಗದ ಪ್ರತಿಗಳು ವಾಪಸು ಬರತೊಡಗಿದಾಗ ಸಂಸ್ಥೆಯ ಲಾಭದ ಅಂದಾಜು ತಪ್ಪಿ ಷೇರಿನ ಬೆಲೆ ಕುಸಿಯಿತು. ಅದೇ ವರ್ಷ ಪಿಕ್ಸಾರ್ ಸಂಸ್ಥೆಯೂ ‘ದಿ ಇನ್‌ಕ್ರೆಡಿಬಲ್ಸ್’ ಚಿತ್ರದ ವಾಪಸಾತಿಯ ಕಾರಣದಿಂದ ತನ್ನ ಅಂದಾಜನ್ನು ಇಳಿಸಬೇಕಾಯಿತು. ಎರಡೂ ಜನಪ್ರಿಯ ಚಿತ್ರಗಳೇ ಆಗಿದ್ದರಿಂದ, ದೋಷ ಚಿತ್ರಗಳದ್ದಾಗಿರದೆ, ಅಂಗಡಿಯ ಕಪಾಟಿನಲ್ಲಿ ನಿಂತ ಪ್ರತಿಯನ್ನು ಮನೆ ಸೇರಿದ ಪ್ರತಿಯೆಂದು ತಿಳಿದ ಎಣಿಕೆಯದ್ದಾಗಿತ್ತು.

ಹೊರಗಿನ ದೇಶಗಳ ಅನುಭವ

ವಿ.ಎಚ್.ಎಸ್. ಎಂಬ ಕ್ಯಾಸೆಟ್ ಮಾದರಿಯನ್ನು ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ಮಾರುಕಟ್ಟೆಗೆ ತಂದಿತು. ಡಿಸ್ನಿ ಸಂಸ್ಥೆ ತನ್ನ ಹಳೆಯ ಅನಿಮೇಷನ್ ಚಿತ್ರಗಳನ್ನು ಕೆಲವು ವರ್ಷಗಳಿಗೊಮ್ಮೆ ಚಿತ್ರಮಂದಿರದಲ್ಲಿ ಮರುಬಿಡುಗಡೆ ಮಾಡಿ ಸಂಪಾದಿಸುತ್ತಿದ್ದ ಕಾರಣ ಅವನ್ನು ಕ್ಯಾಸೆಟ್ಟಾಗಿ ಮಾರಲು ಮೊದಮೊದಲು ಹಿಂಜರಿಯಿತು. 1980ರ ದಶಕದ ನಡುವಿನಿಂದ ಒಂದೊಂದಾಗಿ ಹೊರತಂದು, ನಿರ್ದಿಷ್ಟ ಅವಧಿಯ ಬಳಿಕ ಮಾರಾಟ ನಿಲ್ಲಿಸಿ, ವರ್ಷಗಳು ಕಳೆದ ಮೇಲೆ ಮತ್ತೆ ಬಿಡುವ ಪದ್ಧತಿಯನ್ನು ರೂಢಿಸಿಕೊಂಡಿತು. ಹೊಸ ತಲೆಮಾರಿನ ಮಕ್ಕಳು ಬೆಳೆದು ನಿಲ್ಲುವ ಹೊತ್ತಿಗೆ ಹಳೆಯ ಚಿತ್ರ ಹೊಸದಾಗಿ ಕೈಗೆ ಸಿಗುವಂತೆ ಹೂಡಿದ ಯೋಜನೆಯಿದು. 1995ರಲ್ಲಿ ಕ್ಯಾಸೆಟ್ಟಾಗಿ ಬಂದ ‘ದಿ ಲಯನ್ ಕಿಂಗ್’ ಉತ್ತರ ಅಮೆರಿಕವೊಂದರಲ್ಲೇ 3 ಕೋಟಿಗೆ ಸಮೀಪದ ಇಲ್ಲವೇ ಅದನ್ನು ಮೀರಿದ ಪ್ರತಿಗಳ ಮಟ್ಟ ತಲುಪಿತು. ಡಿವಿಡಿ 1996ರಲ್ಲಿ ಜಪಾನಿನಲ್ಲೂ 1997ರಲ್ಲಿ ಅಮೆರಿಕದಲ್ಲೂ ಬಂದ ಮೇಲೆ, 2003ರ ನವೆಂಬರಿನಲ್ಲಿ ಡಿಸ್ಕಾಗಿ ಬಂದ ‘ಫೈಂಡಿಂಗ್ ನೀಮೊ’ ಮೊದಲ ದಿನವೇ ಸುಮಾರು 80 ಲಕ್ಷ ಪ್ರತಿಗಳು ಖರ್ಚಾಗಿ, ಒಟ್ಟಾರೆ ಅತಿ ಹೆಚ್ಚು ಮಾರಾಟವಾದ ಡಿವಿಡಿಯೆಂಬ ಖ್ಯಾತಿ ಪಡೆಯಿತು.

ಇಂಥ ಸಂಖ್ಯೆಗಳು ಹುಟ್ಟುವುದಕ್ಕೆ ಹಿಂದೆ ವ್ಯವಸ್ಥೆಯೊಂದು ಬೇಕು. ಅಮೆರಿಕದಲ್ಲಿ ನೀಲ್ಸನ್ ಬಳಗದ ವಿಡಿಯೊಸ್ಕ್ಯಾನ್ ಸೇವೆ, ಡಿಸ್ಕಿನ ಹೊದಿಕೆಯ ಮೇಲಿನ ಬಾರ್‌ಕೋಡನ್ನು ಗಲ್ಲಾಪೆಟ್ಟಿಗೆಯ ಯಂತ್ರ ಓದಿದ ಪ್ರತಿಯೊಂದು ಸಲವನ್ನೂ ಅಂಗಡಿ ಜಾಲಗಳಿಂದ ಕಲೆಹಾಕಿ ಚಿತ್ರವಾರು ಪಟ್ಟಿ ಮಾಡುತ್ತಿತ್ತು. ಜಪಾನಿನಲ್ಲಿ ಒರಿಕಾನ್ ಸಂಸ್ಥೆ ವಾರವಾರ ಅಂಥದೇ ಪಟ್ಟಿ ಹೊರಡಿಸುತ್ತ ಬಂದಿದೆ. ಆದರೂ ಈ ವ್ಯವಸ್ಥೆ ಪೂರ್ಣವಾಗಿರಲಿಲ್ಲ. ಅಮೆರಿಕದ ಅತಿದೊಡ್ಡ ಅಂಗಡಿ ಜಾಲವಾದ ವಾಲ್‌ಮಾರ್ಟ್ ಹಲವು ವರ್ಷ ತನ್ನ ಲೆಕ್ಕವನ್ನು ಇಂಥ ಸೇವೆಗಳಿಗೆ ಕೊಡಲಿಲ್ಲ. ಮಕ್ಕಳ ಚಿತ್ರಗಳು ಹೆಚ್ಚಾಗಿ ಖರ್ಚಾಗುವುದು ಮನೆಸಾಮಾನಿನ ಅಂಥ ಅಂಗಡಿಗಳಲ್ಲೇ ಆದ್ದರಿಂದ, ಲೆಕ್ಕಕ್ಕೆ ಸಿಗದ ಪಾಲು ಅನಿಮೇಷನ್ ಚಿತ್ರಗಳ ವಿಷಯದಲ್ಲಿ ಉಳಿದ ಚಿತ್ರಗಳಿಗಿಂತ ಹೆಚ್ಚಾಗಿತ್ತು. ಬಿಟ್ಟುಹೋದ ಪಾಲನ್ನು ಅಂದಾಜಿನಿಂದ ತುಂಬುವುದು ಅನಿವಾರ್ಯವಾಯಿತು. ಸಂಘಟಿತ ಮಾರುಕಟ್ಟೆಯ ಸ್ಥಿತಿಯೇ ಹೀಗಿದ್ದ ಮೇಲೆ, ಚದುರಿದ ಮಾರುಕಟ್ಟೆಯಲ್ಲಿ ಎಣಿಕೆ ಎಷ್ಟು ಕಠಿಣವೆಂಬುದನ್ನು ಊಹಿಸಬಹುದು.

ಭಾರತದ ಹಾದಿ: ಕ್ಯಾಸೆಟ್ಟಿನಿಂದ ಡಿಸ್ಕಿಗೆ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಭಾರತಕ್ಕೆ ಬಣ್ಣದ ಟಿ.ವಿ. ಬಂದಿತು, ವಿ.ಸಿ.ಆರ್. ಎಂಬ ಕ್ಯಾಸೆಟ್ ಯಂತ್ರವೂ ಅದರ ಬೆನ್ನಿಗೇ ಮನೆಗಳನ್ನು ಹೊಕ್ಕಿತು. ಕೊಳ್ಳಲು ದುಬಾರಿಯಾದ ಈ ಯಂತ್ರ ತಾಲ್ಲೂಕು ಕೇಂದ್ರಗಳಲ್ಲೂ ದೊಡ್ಡ ಹಳ್ಳಿಗಳಲ್ಲೂ ಬಾಡಿಗೆಯ ವಸ್ತುವಾಗಿಯೇ ಬಳಕೆಗೆ ಬಂದಿತು. ಹಬ್ಬ, ಮದುವೆ, ಗಣೇಶನ ಉತ್ಸವಗಳಿಗೆ ಟಿ.ವಿ., ಯಂತ್ರ, ಮೂರು ನಾಲ್ಕು ಕ್ಯಾಸೆಟ್ಟುಗಳನ್ನು ಒಂದು ರಾತ್ರಿಯ ಲೆಕ್ಕದಲ್ಲಿ ತಂದು ಬೀದಿಯವರೆಲ್ಲ ಕೂತು ನೋಡುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ವ್ಯಾಪಕವಾಗಿತ್ತು. ಈ ನೋಟದಲ್ಲಿ ಪ್ರತಿಗಳ ಸಂಖ್ಯೆಗೂ ಪ್ರೇಕ್ಷಕರ ಸಂಖ್ಯೆಗೂ ಸ್ಥಿರವಾದ ಅನುಪಾತವೇ ಇಲ್ಲದ ಕಾರಣ, ಪ್ರತಿಗಳನ್ನು ಎಣಿಸಿ ಜನಪ್ರಿಯತೆಯನ್ನು ಅಳೆಯುವ ಪಾಶ್ಚಾತ್ಯ ಕ್ರಮ ಇಲ್ಲಿಗೆ ಹೊಂದುತ್ತಿರಲಿಲ್ಲ.

ಕಾನೂನು ಈ ಹೊಸ ವಸ್ತುವನ್ನು ಬೇಗನೆ ಗುರುತಿಸಿತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿ, ವಿಡಿಯೊ ಚಿತ್ರದ ಪ್ರತಿ ತಯಾರಿಸುವವರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ತಮ್ಮ ಹೆಸರು ವಿಳಾಸ, ಕೃತಿಸ್ವಾಮ್ಯವುಳ್ಳವರ ಹೆಸರು ವಿಳಾಸ, ಪಡೆದ ಒಪ್ಪಿಗೆಯ ಘೋಷಣೆ ಮತ್ತು ಸೆನ್ಸಾರ್ ಪ್ರಮಾಣಪತ್ರದ ಪ್ರತಿಯನ್ನು ಕಾಣಿಸಬೇಕೆಂದು ವಿಧಿಸಿತು. ಅಂದರೆ ಪ್ರತಿಯೊಂದೂ ತನ್ನ ಹುಟ್ಟನ್ನು ತಾನೇ ಹೇಳಬೇಕೆಂಬುದು ಕಾನೂನಿನ ಆಶಯ. ಆದರೆ ಎಷ್ಟು ಪ್ರತಿ ಹುಟ್ಟಿದವೆಂದು ಯಾರಿಗೂ ವರದಿ ಮಾಡಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಸೆನ್ಸಾರ್ ಮಂಡಳಿಯ ದಾಖಲೆಗಳು ಪ್ರಮಾಣಪತ್ರ ಪಡೆದ ವಿಡಿಯೊ ಚಿತ್ರಗಳ ಸಂಖ್ಯೆಯನ್ನು ತಿಳಿಸುತ್ತವೆಯೇ ಹೊರತು ಅವುಗಳ ಪ್ರತಿಗಳ ಸಂಖ್ಯೆಯನ್ನಲ್ಲ.

1990ರ ದಶಕದ ಕೊನೆಯಿಂದ ವಿಸಿಡಿ ಎಂಬ ಡಿಸ್ಕು ಕ್ಯಾಸೆಟ್ಟನ್ನು ಹಿಂದಿಕ್ಕಿತು. ಒಂದು ವಿಸಿಡಿಯಲ್ಲಿ ಸುಮಾರು 74 ನಿಮಿಷದ ಚಿತ್ರವಷ್ಟೇ ಹಿಡಿಯುವುದರಿಂದ ಭಾರತೀಯ ಚಿತ್ರವೊಂದಕ್ಕೆ ಎರಡು ಇಲ್ಲವೇ ಮೂರು ಡಿಸ್ಕು ಬೇಕಾಗುತ್ತಿತ್ತು. ಡಿವಿಡಿ ಬಂದ ಮೇಲೆ ಇದಕ್ಕೆ ವಿರುದ್ಧವಾಗಿ ಒಂದೇ ಡಿಸ್ಕಿನಲ್ಲಿ ಮೂರು ಚಿತ್ರಗಳನ್ನು ತುಂಬಿ ಮಾರುವುದು ನಡೆಯಿತು. ಹಾಗಾಗಿ ಕಾರ್ಖಾನೆಯಿಂದ ಹೊರಬಿದ್ದ ಡಿಸ್ಕುಗಳ ಸಂಖ್ಯೆಯನ್ನು ಚಿತ್ರಗಳ ಮಾರಾಟದ ಸಂಖ್ಯೆಯೆಂದು ಓದಿದರೆ ಮೊದಲನೆಯದರಲ್ಲಿ ಲೆಕ್ಕ ಉಬ್ಬುತ್ತದೆ, ಎರಡನೆಯದರಲ್ಲಿ ಕುಗ್ಗುತ್ತದೆ. ಬೆಲೆಯೂ ಲೆಕ್ಕವನ್ನು ಬದಲಿಸಿತು. ಖಾಲಿ ಡಿಸ್ಕುಗಳ ತಯಾರಿಕೆಯಲ್ಲಿ ಹೆಸರಾಗಿದ್ದ ಮೋಸರ್ ಬೇಯರ್ ಸಂಸ್ಥೆ 2007ರ ಸುಮಾರಿಗೆ ಚಲನಚಿತ್ರಗಳ ಹಕ್ಕು ಕೊಂಡು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ನಕಲಿ ಡಿಸ್ಕಿನ ಬೆಲೆಗೇ ಅಸಲಿ ಸಿಗುವಂತಾಗಿ ಪ್ರತಿಗಳ ಸಂಖ್ಯೆ ಏರಿತು. ಒಂದು ಪ್ರತಿಯಿಂದ ಬರುವ ಹಣ ಮಾತ್ರ ಇಳಿಯಿತು. ಮುಂದೆ ಆ ಸಂಸ್ಥೆ ಸಾಲದ ಹೊರೆಯಲ್ಲಿ ಸಿಕ್ಕಿ 2018ರಲ್ಲಿ ಮುಚ್ಚುವ ಹಂತಕ್ಕೆ ಬಂದಿತು. ಹಣದ ಲೆಕ್ಕವನ್ನಷ್ಟೇ ಇಟ್ಟುಕೊಂಡು ಆ ಕಾಲವನ್ನು ಅಳೆದರೆ, ಡಿಸ್ಕು ಬಡವರ ಮನೆಯನ್ನೂ ತಲುಪಿದ ವರ್ಷಗಳೇ ಸೋಲಿನ ವರ್ಷಗಳಾಗಿ ಕಾಣುತ್ತವೆ.

ಭಾರತೀಯ ಅನಿಮೇಷನ್ ಚಿತ್ರ ಮನೆಯ ಪ್ರೇಕ್ಷಕರನ್ನು ಕಂಡುಕೊಂಡದ್ದು ಈ ಅವಧಿಯಲ್ಲಿಯೇ. ವಿ.ಜಿ. ಸಾಮಂತ್ ನಿರ್ದೇಶಿಸಿದ ‘ಹನುಮಾನ್’ 2005ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ ಯಶಸ್ಸು ಗಳಿಸಿತು. 1962ರಲ್ಲಿ ಮುಂಬಯಿಯಲ್ಲಿ ಪುಸ್ತಕಗಳ ಬಾಡಿಗೆ ಗ್ರಂಥಾಲಯವಾಗಿ ಆರಂಭವಾಗಿ ಬಳಿಕ ವಿಡಿಯೊ ವ್ಯಾಪಾರಕ್ಕೆ ಇಳಿದ ಶೆಮಾರೂ ಸಂಸ್ಥೆ 2007ರಲ್ಲಿ ‘ಬಾಲ ಗಣೇಶ’ ಚಿತ್ರವನ್ನು ತಾನೇ ನಿರ್ಮಿಸಿತು. ಡಿಸ್ಕು ಮಾರುವ ಸಂಸ್ಥೆಯೊಂದು ಅನಿಮೇಷನ್ ಚಿತ್ರಕ್ಕೆ ಬಂಡವಾಳ ಹೂಡಿತೆಂದರೆ, ಮಕ್ಕಳ ಚಿತ್ರಕ್ಕೆ ಮನೆಯಲ್ಲಿ ಎಷ್ಟು ಬೇಡಿಕೆಯಿತ್ತೆಂಬುದನ್ನು ಅದು ತನ್ನ ಗಲ್ಲಾಪೆಟ್ಟಿಗೆಯಿಂದಲೇ ಅರಿತಿತ್ತೆಂದು ತಿಳಿಯಬಹುದು. ಜಪಾನಿನ ಯೂಗೊ ಸಾಕೊ ಮತ್ತು ಭಾರತದ ರಾಮ್ ಮೋಹನ್ ಮೊದಲಾದವರು ಸೇರಿ 1990ರ ದಶಕದ ಆರಂಭದಲ್ಲಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರದ ಕಥೆ ಇನ್ನೂ ಗಮನಾರ್ಹ. ಆಗ ಭಾರತದ ಚಿತ್ರಮಂದಿರಗಳಲ್ಲಿ ಹೆಚ್ಚು ಓಡದ ಆ ಚಿತ್ರ ಟಿ.ವಿ. ಮರುಪ್ರಸಾರ ಮತ್ತು ಡಿಸ್ಕುಗಳ ಮೂಲಕ ಒಂದು ತಲೆಮಾರಿನ ಮಕ್ಕಳ ಮನಸ್ಸಿನಲ್ಲಿ ನೆಲೆಸಿ, 2025ರ ಜನವರಿಯಲ್ಲಿ ದೇಶದ ಚಿತ್ರಮಂದಿರಗಳಿಗೆ ಮರಳಿ ಬಂದಿತು. ಯಾವ ಮಾರಾಟ ಪಟ್ಟಿಯಲ್ಲೂ ಕಾಣದ ಜನಪ್ರಿಯತೆಯೊಂದು ಮೂವತ್ತು ವರ್ಷ ಮನೆಗಳಲ್ಲಿ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನಾಲ್ಕು ತಾಲ್ಲೂಕುಗಳ ಲೆಕ್ಕ ಎಲ್ಲಿ ಸೇರಿತು

ಸಿನಿಮಾ ತಯಾರಾಗುವ ಜಾಗವಾಗಿ ರಾಮನಗರಕ್ಕೆ ದೊಡ್ಡ ಹೆಸರಿದೆ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಚಿತ್ರದ ಊರನ್ನು ಇಲ್ಲಿನ ರಾಮದೇವರ ಬೆಟ್ಟದ ಸುತ್ತ ಕಟ್ಟಲಾಗಿತ್ತು. ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಯ ದೃಶ್ಯಗಳು ಮಾಗಡಿ ತಾಲ್ಲೂಕಿನ ಸಾವನದುರ್ಗದಲ್ಲೂ ರಾಮನಗರದ ಬಂಡೆಗಳಲ್ಲೂ ಚಿತ್ರಿತವಾದವು. ‘ಶೋಲೆ’ಯ ಹಾಡುಗಳಲ್ಲದೆ ಸಂಭಾಷಣೆಯನ್ನೂ ಪಾಲಿಡಾರ್ ಸಂಸ್ಥೆ ಧ್ವನಿಮುದ್ರಿಕೆಯಾಗಿ ಹೊರತಂದು ಅವು ಮನೆಮನೆಯಲ್ಲಿ ಮೊಳಗಿದ್ದು, ಯಂತ್ರ ಬರುವ ಮೊದಲೇ ಚಿತ್ರವನ್ನು ಮನೆಗೆ ಕೊಂಡೊಯ್ಯುವ ಬಯಕೆ ಜನರಲ್ಲಿ ಇತ್ತೆಂಬುದನ್ನು ತೋರಿಸುತ್ತದೆ. ಅದೇ ಚಿತ್ರದ ಪಾತ್ರಗಳು ಮುಂದೆ ಗ್ರಾಫಿಕ್ ಇಂಡಿಯಾ ಸಂಸ್ಥೆಯ ಕೈಯಲ್ಲಿ ‘ಶೋಲೆ ಅಡ್ವೆಂಚರ್ಸ್’ ಎಂಬ ಅನಿಮೇಷನ್ ರೂಪವನ್ನೂ ತಾಳಿದವು. ರಾಮನಗರದ ಬಂಡೆಗಳು ಹೀಗೆ ದೇಶದ ಮನೆಗಳನ್ನು ಸೇರಿದರೂ, ರಾಮನಗರದ ಮನೆಗಳು ಏನನ್ನು ಕೊಂಡವೆಂಬುದು ಯಾರ ಪುಸ್ತಕದಲ್ಲೂ ಬರೆಯಲ್ಪಡಲಿಲ್ಲ.

ಇದಕ್ಕೆ ಮೊದಲ ಕಾರಣ ಭೂಗೋಳ. ನಾಲ್ಕೂ ಪಟ್ಟಣಗಳು ಬೆಂಗಳೂರಿಗೆ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವುದರಿಂದ, ನಿತ್ಯ ಓಡಾಡುವ ನೌಕರರೂ ವಿದ್ಯಾರ್ಥಿಗಳೂ ಬಟ್ಟೆಬರೆಯಂತೆಯೇ ಡಿಸ್ಕನ್ನೂ ಬೆಂಗಳೂರಿನಲ್ಲಿ ಕೊಳ್ಳುತ್ತಿದ್ದರು. ಆ ಮಾರಾಟ ಬೆಂಗಳೂರಿನ ಬಿಲ್ಲಿನಲ್ಲಿ ಸೇರಿ ಬೆಂಗಳೂರಿನ ಬೇಡಿಕೆಯೆಂದೇ ಎಣಿಕೆಯಾಗುತ್ತಿತ್ತು. ಎರಡನೆಯ ಕಾರಣ ಅಂಗಡಿಯ ಸ್ವರೂಪ. ತಾಲ್ಲೂಕು ಪಟ್ಟಣಗಳಲ್ಲಿ ಡಿಸ್ಕು ಸಿಗುತ್ತಿದ್ದುದು ಕ್ಯಾಸೆಟ್ ಅಂಗಡಿ, ಮೊಬೈಲ್ ರೀಚಾರ್ಜ್ ಅಂಗಡಿ, ಫ್ಯಾನ್ಸಿ ಸ್ಟೋರ್, ಬಸ್ ನಿಲ್ದಾಣದ ಗಾಡಿ, ಜಾತ್ರೆಯ ಮಳಿಗೆಗಳಲ್ಲಿ. ಬಾರ್‌ಕೋಡ್ ಓದುವ ಯಂತ್ರವಾಗಲಿ ಚಿತ್ರದ ಹೆಸರು ಬರೆದ ರಸೀದಿಯಾಗಲಿ ಅಲ್ಲಿರಲಿಲ್ಲ. ಮೂರನೆಯದು ಕೇಬಲ್. ಒಂದು ಡಿಸ್ಕನ್ನು ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಹಾಕಿದರೆ ಇಡೀ ಪಟ್ಟಣ ನೋಡುತ್ತಿತ್ತು, ಪ್ರತಿ ಮಾತ್ರ ಒಂದೇ.

ಇಷ್ಟಾದರೂ ಸರ್ಕಾರದ ದಾಖಲೆಗಳಲ್ಲಿ ಹೋಮ್ ವಿಡಿಯೊ ಹೆಜ್ಜೆಗುರುತುಗಳು ಇಲ್ಲದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎಲ್ಲ ಮನೆಗಳಿಗೂ ಹೋಗದೆ ಆಯ್ದ ಕೆಲವೇ ಮನೆಗಳಿಂದ ಒಟ್ಟಾರೆ ಸ್ಥಿತಿಯನ್ನು ಅಂದಾಜಿಸುವ ಸಮೀಕ್ಷೆ, ತನ್ನ ಕುಟುಂಬ ವೆಚ್ಚದ ಪ್ರಶ್ನಾವಳಿಯಲ್ಲಿ ವಿಸಿಡಿ ಮತ್ತು ಡಿವಿಡಿ ಬಾಡಿಗೆಯನ್ನು ಮನರಂಜನೆಯ ವೆಚ್ಚದಡಿ ಪ್ರತ್ಯೇಕ ಬಾಬತ್ತಾಗಿಯೇ ಕೇಳುತ್ತಿತ್ತು. ಡಿಸ್ಕು ಯಂತ್ರದ ಖರೀದಿಯನ್ನೂ ಕೇಳುತ್ತಿತ್ತು. ಆದರೆ ಆ ಮಾದರಿ ರಾಜ್ಯದ ಮಟ್ಟಕ್ಕೆ ನಂಬಲರ್ಹವೇ ಹೊರತು ಮಾಗಡಿ, ಕನಕಪುರದಂಥ ತಾಲ್ಲೂಕಿನ ಚಿತ್ರವನ್ನು ಕೊಡುವಷ್ಟು ದೊಡ್ಡದಲ್ಲ. ಜನಗಣತಿ ಮನೆಯಲ್ಲಿ ಟಿ.ವಿ. ಇದೆಯೇ ಎಂದು ಕೇಳುತ್ತದೆ, ಅದರಲ್ಲಿ ಏನು ನೋಡುತ್ತಾರೆಂದು ಕೇಳುವುದಿಲ್ಲ. ತೆರಿಗೆಯ ವ್ಯವಸ್ಥೆ ಡಿಸ್ಕು, ಟೇಪು, ನೆನಪಿನ ಕಡ್ಡಿಗಳನ್ನೆಲ್ಲ 8523 ಎಂಬ ಒಂದೇ ಸರಕು ಸಂಖ್ಯೆಯಡಿ ಸೇರಿಸುವುದರಿಂದ, ಹಣದ ಮೊತ್ತ ಸಿಕ್ಕರೂ ಚಿತ್ರದ ಹೆಸರಾಗಲಿ ಭಾಷೆಯಾಗಲಿ ಸಿಗುವುದಿಲ್ಲ. ಉದ್ಯಮದ ವಾರ್ಷಿಕ ವರದಿಗಳು ದೇಶದ ಹೋಮ್ ವಿಡಿಯೊ ವಹಿವಾಟನ್ನು ಒಟ್ಟು ಮೊತ್ತವಾಗಿ ಅಂದಾಜಿಸುತ್ತಿದ್ದವೇ ಹೊರತು ಊರುವಾರಾಗಿ ಬಿಡಿಸಿ ತೋರಿಸುತ್ತಿರಲಿಲ್ಲ.

ನಕಲಿನ ಪಾಲು

ಅನುಮತಿಯಿಲ್ಲದೆ ತಯಾರಾದ ಪ್ರತಿ, ಅಂದರೆ ಪೈರಸಿ, ಎಣಿಕೆಯನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ಅಸಲಿ ಪ್ರತಿಯ ಮಾರಾಟವನ್ನು ತಗ್ಗಿಸುವುದು ಮೊದಲನೆಯದು. ಚಿತ್ರವನ್ನು ಬಯಸಿ ಕೊಂಡ ಗಿರಾಕಿಯನ್ನೇ ಲೆಕ್ಕದಿಂದ ಮರೆಯಾಗಿಸುವುದು ಎರಡನೆಯದು. ಡಿಸ್ಕಿನ ನಡುವಿನ ರಂಧ್ರದ ಸುತ್ತಣ ಉಂಗುರದ ಮೇಲೆ ಕಾರ್ಖಾನೆಯನ್ನು ಗುರುತಿಸುವ ಸಣ್ಣ ಅಕ್ಷರಗಳನ್ನು ಕೊರೆಯುವ ಅಂತರರಾಷ್ಟ್ರೀಯ ಪದ್ಧತಿ 1994ರಿಂದ ಬಳಕೆಗೆ ಬಂದು, ಡಿಸ್ಕು ಎಲ್ಲಿ ಅಚ್ಚಾಯಿತೆಂದು ಪತ್ತೆಹಚ್ಚಲು ತನಿಖೆಗಾರರಿಗೆ ನೆರವಾಯಿತು. ಮನೆಯ ಕಂಪ್ಯೂಟರಿನಲ್ಲೇ ಡಿಸ್ಕು ಬರೆಯುವ ಸೌಲಭ್ಯ ಬಂದ ಮೇಲೆ ಆ ಗುರುತಿನ ಬಲ ಕುಗ್ಗಿತು. ಕರ್ನಾಟಕವು 1985ರ ಅಪಾಯಕಾರಿ ಚಟುವಟಿಕೆಗಳ ತಡೆ ಕಾಯಿದೆಯ, ಜನರ ಮಾತಿನಲ್ಲಿ ಗೂಂಡಾ ಕಾಯಿದೆಯ, ವ್ಯಾಪ್ತಿಗೆ ವಿಡಿಯೊ ಮತ್ತು ಆಡಿಯೊ ನಕಲುಗಾರರನ್ನೂ ತಂದಿತು.

ನಕಲಿನ ಸಮಸ್ಯೆಯ ಇನ್ನೊಂದು ಮುಖ ಚನ್ನಪಟ್ಟಣಕ್ಕೆ ಚೆನ್ನಾಗಿ ತಿಳಿದದ್ದು. ಆಲೆಮರದ ಮೇಲೆ ಅರಗಿನ ಬಣ್ಣ ಹಚ್ಚಿ ಅಲ್ಲಿನ ಕುಶಲಕರ್ಮಿಗಳು ತಯಾರಿಸುವ ಆಟಿಕೆಗಳಿಗೆ ಭೌಗೋಳಿಕ ಗುರುತು, ಅಂದರೆ ಆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ಮುದ್ರೆ, ದೊರೆತಿದೆ. ಆದರೂ ಅಗ್ಗದ ಪ್ಲಾಸ್ಟಿಕ್ ಗೊಂಬೆಯ ಎದುರು ಅಸಲಿ ಗೊಂಬೆ ಸೊರಗಿದ್ದು ತಿಳಿದ ವಿಷಯ. ಗೊಂಬೆಯಾಗಲಿ ಡಿಸ್ಕಾಗಲಿ, ಮಗುವಿಗೆಂದು ಕೊಳ್ಳುವ ತಂದೆತಾಯಿ ನೋಡುವುದು ಬೆಲೆಯನ್ನು ಮತ್ತು ಮಗುವಿನ ಮುಖವನ್ನು. ಮುದ್ರೆಯನ್ನು ನೋಡುವುದು ಕಡಿಮೆ. ಹೆಸರಿಗೆ ರಕ್ಷಣೆ ಕೊಡುವ ಕಾನೂನು ಇದ್ದು, ಎಷ್ಟು ಅಸಲಿ ಹೊರಗೆ ಹೋಯಿತೆಂಬ ಎಣಿಕೆ ಇಲ್ಲದಿದ್ದರೆ, ರಕ್ಷಣೆ ಫಲಿಸಿತೇ ಇಲ್ಲವೇ ಎಂಬುದನ್ನು ನಿರ್ಣಯಿಸಲು ಆಧಾರ ಉಳಿಯುವುದಿಲ್ಲ.

ಭಾಷೆಯೆಂಬ ಕಾಣದ ಅಂಕಣ

ಈ ಸಮೀಕ್ಷೆಯ ಅತಿ ಮುಖ್ಯ ಭಾಗಕ್ಕೆ ಈಗ ಬರಬಹುದು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಮಾತನ್ನು ಜೋಡಿಸುವ ಡಬ್ಬಿಂಗಿಗೆ 1960ರ ದಶಕದಿಂದ ಕನ್ನಡ ಚಿತ್ರರಂಗದಲ್ಲಿ ವಿರೋಧ ಬೆಳೆದು, ಲಿಖಿತ ಕಾನೂನಿಲ್ಲದಿದ್ದರೂ ಡಬ್ಬಿಂಗ್ ನಿಂತುಹೋಗಿತ್ತು. ಕನ್ನಡದ ಕಲಾವಿದರೂ ತಂತ್ರಜ್ಞರೂ ನೆಲೆ ಕಾಣಬೇಕೆಂಬ ಕಾಳಜಿ ಆ ವಿರೋಧದ ಮೂಲದಲ್ಲಿತ್ತು, ಅದನ್ನು ಗೌರವದಿಂದಲೇ ಕಾಣಬೇಕು. ಆದರೆ ಅನಿಮೇಷನ್ ಚಿತ್ರಗಳ ವಿಷಯದಲ್ಲಿ ಅದರ ಪರಿಣಾಮ ಬೇರೆಯಾಯಿತು. ವಿದೇಶಿ ಅನಿಮೇಷನ್ ಚಿತ್ರಗಳ ಭಾರತೀಯ ಡಿಸ್ಕುಗಳು ಸಾಮಾನ್ಯವಾಗಿ ಇಂಗ್ಲಿಷಿನ ಜೊತೆ ಹಿಂದಿಯನ್ನು, ಕೆಲವೊಮ್ಮೆ ತಮಿಳು ತೆಲುಗುಗಳನ್ನು ಹೊತ್ತು ಬಂದವು. ಕನ್ನಡದ ಧ್ವನಿ ಅವುಗಳಲ್ಲಿರಲಿಲ್ಲ. ಕನಕಪುರದ ಹಳ್ಳಿಯ ಮಗುವೊಂದು ಅಂಥ ಡಿಸ್ಕನ್ನು ನೋಡಿದರೆ, ಬಾಯಿಪಾಠವಾಗುವಷ್ಟು ಸಲ ಅದು ಕೇಳುತ್ತಿದ್ದುದು ಮನೆಯ ಭಾಷೆಯನ್ನಲ್ಲ. ಅದೇ ಡಿಸ್ಕಿನ ಮಾರಾಟ ಎಲ್ಲಾದರೂ ಎಣಿಕೆಯಾಗಿದ್ದರೆ ಅದು ಹಿಂದಿಯ ಇಲ್ಲವೇ ಇಂಗ್ಲಿಷಿನ ಬೇಡಿಕೆಯಾಗಿಯೇ ದಾಖಲಾಗುತ್ತಿತ್ತು.

ಇಲ್ಲಿ ವಿಷವರ್ತುಲವೊಂದು ಏರ್ಪಡುತ್ತದೆ. ಕನ್ನಡದ ಧ್ವನಿಯಿಲ್ಲದ್ದರಿಂದ ಕನ್ನಡದ ಮಾರಾಟವಿಲ್ಲ, ಮಾರಾಟದ ಅಂಕಿಯಿಲ್ಲದ್ದರಿಂದ ಬೇಡಿಕೆಯಿಲ್ಲವೆಂಬ ತೀರ್ಮಾನ, ಬೇಡಿಕೆಯಿಲ್ಲವೆಂದಾದ ಮೇಲೆ ಕನ್ನಡದ ಧ್ವನಿಗೆ ಹಣ ಹೂಡುವವರಿಲ್ಲ. 2009ರಲ್ಲಿ ಸನ್ ಬಳಗ ಮಕ್ಕಳಿಗೆಂದೇ ಆರಂಭಿಸಿದ ಚಿಂಟು ಟಿ.ವಿ. ವಾಹಿನಿ ಕಾರ್ಟೂನುಗಳನ್ನು ಕನ್ನಡದಲ್ಲಿ ಪ್ರಸಾರ ಮಾಡಿ ಈ ವರ್ತುಲದಲ್ಲಿ ಮೊದಲ ಬಿರುಕು ಮೂಡಿಸಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈಯಲ್ಲಿ, ಡಬ್ಬಿಂಗ್ ಆದ ಕೃತಿಗಳಿಗೆ ಅಡ್ಡಿಪಡಿಸುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಘಟನೆಗಳಿಗೆ ದಂಡ ವಿಧಿಸಿತು. ಆ ಹೊತ್ತಿಗೆ ಡಿಸ್ಕಿನ ಕಾಲ ಮುಗಿಯುತ್ತ ಬಂದಿತ್ತು. ಕನ್ನಡದ ಮಕ್ಕಳ ಪಾಲಿಗೆ ಹೋಮ್ ವಿಡಿಯೊ ಯುಗದ ಬಾಗಿಲು ತೆರೆದದ್ದು, ಆ ಯುಗ ಮನೆ ಖಾಲಿ ಮಾಡಿ ಹೊರಟ ಮೇಲೆ.

ರೇಷ್ಮೆಗೂಡು ಮಾರುಕಟ್ಟೆಯ ದಾಖಲೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ಅಲ್ಲಿ ಮಿಶ್ರತಳಿಯ ಗೂಡು, ದ್ವಿತಳಿಯ ಗೂಡು ಎಂದು ಬೇರೆ ಬೇರೆಯಾಗಿ ಪ್ರಮಾಣವನ್ನೂ ಬೆಲೆಯನ್ನೂ ಬರೆಯುತ್ತಾರೆ, ಏಕೆಂದರೆ ನೂಲಿನ ಗುಣ ತಳಿಯಿಂದ ಬದಲಾಗುತ್ತದೆ. ಎರಡನ್ನೂ ಕೂಡಿಸಿ ಇಷ್ಟು ಗೂಡು ಬಂತೆಂದು ಬರೆದರೆ ಮುಂದಿನ ಬೆಳೆಗೆ ಯಾವ ಮೊಟ್ಟೆ ತರಬೇಕೆಂಬುದು ರೈತನಿಗೆ ತಿಳಿಯುವುದಿಲ್ಲ. 1959ರ ರೇಷ್ಮೆ ಕಾಯಿದೆ ಗೂಡಿನ ವ್ಯಾಪಾರವನ್ನು ಮಾರುಕಟ್ಟೆಯೊಳಗೆ ತಂದುದರ ಫಲವಾಗಿ ಈ ದಾಖಲೆ ಸಾಧ್ಯವಾಯಿತು. ಚಿತ್ರಗಳ ಲೆಕ್ಕದಲ್ಲಿ ತಳಿಯ ಸ್ಥಾನ ಭಾಷೆಯದು. ಭಾಷೆಯ ಅಂಕಣವಿಲ್ಲದ ಮಾರಾಟ ಪಟ್ಟಿ ಎಷ್ಟೇ ದೊಡ್ಡ ಸಂಖ್ಯೆಯನ್ನು ತೋರಿಸಿದರೂ, ಮುಂದೆ ಯಾವ ಭಾಷೆಯಲ್ಲಿ ಚಿತ್ರ ಮಾಡಬೇಕೆಂಬುದನ್ನು ತಿಳಿಸಲಾರದು.

ಡಿಸ್ಕಿನ ನಂತರ

ಇಂದು ಹೋಮ್ ವಿಡಿಯೊ ಸ್ಥಾನವನ್ನು ಸ್ಟ್ರೀಮಿಂಗ್, ಅಂದರೆ ಪ್ರತಿಯನ್ನು ಕೊಳ್ಳದೆ ಅಂತರಜಾಲದ ಮೂಲಕ ಬೇಕಾದಾಗ ನೋಡುವ ವ್ಯವಸ್ಥೆ, ತುಂಬಿದೆ. ಅಂಚೆಯ ಮೂಲಕ ಡಿವಿಡಿ ಬಾಡಿಗೆ ಕೊಡುತ್ತ ಬೆಳೆದ ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಿತು. ತನ್ನ ಡಿಸ್ಕು ಸೇವೆಯನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಅದರ ಎಣಿಕೆಯ ಕ್ರಮ ಹಲವು ಸಲ ಬದಲಾಗಿದೆ. ಮೊದಲು ಚಿತ್ರದ ಬಹುಭಾಗ ನೋಡಿದವರನ್ನು, ಬಳಿಕ ಎರಡು ನಿಮಿಷ ನೋಡಿದವರನ್ನೂ, 2021ರಿಂದ ಒಟ್ಟು ನೋಡಿದ ಗಂಟೆಗಳನ್ನು, 2023ರಿಂದ ಆ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸಿ ಬಂದ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಲಾಯಿತು. ಕೊನೆಯ ಕ್ರಮದಲ್ಲಿ ಒಂದು ಮಗು ಹತ್ತು ಸಲ ನೋಡಿದರೂ ಹತ್ತು, ಹತ್ತು ಮಕ್ಕಳು ಒಟ್ಟಿಗೆ ಕೂತು ಒಂದು ಸಲ ನೋಡಿದರೂ ಒಂದು. ವಿ.ಸಿ.ಆರ್. ಕಾಲದ ಬೀದಿಯ ನೋಟವನ್ನು ಎಣಿಸಲಾಗದ ಕಷ್ಟ ಹೊಸ ರೂಪದಲ್ಲಿ ಹಾಗೆಯೇ ಉಳಿದಿದೆ.

ಈ ಬದಲಾವಣೆಯ ಅತಿ ಸ್ಪಷ್ಟ ನಿದರ್ಶನ ‘ಮಹಾವತಾರ್ ನರಸಿಂಹ’. ಅಶ್ವಿನ್ ಕುಮಾರ್ ನಿರ್ದೇಶಿಸಿ, ಕ್ಲೀಮ್ ಪ್ರೊಡಕ್ಷನ್ಸ್ ನಿರ್ಮಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಅನಿಮೇಷನ್ ಚಿತ್ರ 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು, 300 ಕೋಟಿ ರೂಪಾಯಿಗೂ ಮೀರಿ ಗಳಿಸಿ, ಭಾರತೀಯ ಅನಿಮೇಷನ್ ಚಿತ್ರಗಳಲ್ಲಿ ದಾಖಲೆ ಬರೆಯಿತು. ಚಿತ್ರಮಂದಿರದಲ್ಲಿದ್ದಷ್ಟು ಕಾಲ ಅದರ ಗಳಿಕೆ ದಿನವಾರು, ಭಾಷಾವಾರು ಎಣಿಕೆಯಾಗಿ ಪತ್ರಿಕೆಗಳಲ್ಲಿ ಬಂದಿತು; ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಹೋಗಿ ಮನೆಗಳನ್ನು ಸೇರಿದ ಕ್ಷಣದಿಂದ ಅದರ ಸಾರ್ವಜನಿಕ ಲೆಕ್ಕ ಜಗತ್ತಿನ ಒಟ್ಟು ಸಂಖ್ಯೆಯಾಗಿ ಕುಗ್ಗಿತು. ಮಾಗಡಿಯ ಮನೆಯಲ್ಲಿ ಮಗು ಕನ್ನಡದ ಧ್ವನಿಯನ್ನು ಆರಿಸಿತೇ ಇನ್ನೊಂದು ಭಾಷೆಯದನ್ನೇ ಎಂಬುದು ಸಂಸ್ಥೆಯ ಗಣಕಕ್ಕೆ ಕ್ಷಣಕ್ಷಣವೂ ತಿಳಿಯುತ್ತದೆ, ಸಾರ್ವಜನಿಕರಿಗೆ ತಿಳಿಯುವುದಿಲ್ಲ. ಹಿಂದೆ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ, ಈಗ ಹುಟ್ಟಿದ ಲೆಕ್ಕ ಖಾಸಗಿ ಕಣಜದಲ್ಲಿ ಉಳಿಯುತ್ತದೆ. ಯೂಟ್ಯೂಬಿನಲ್ಲಿ ಕನ್ನಡದ ಶಿಶುಗೀತೆ ಮತ್ತು ಕಥೆಗಳ ಅನಿಮೇಷನ್ನನ್ನು ಹಾಕುವ ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಸಂಸ್ಥೆಗಳ ವಿಷಯದಲ್ಲಿ ಮಾತ್ರ ನೋಟದ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕನ್ನಡದ ಅನಿಮೇಷನ್ನಿಗೆ ಪ್ರೇಕ್ಷಕರಿದ್ದಾರೆಂಬುದಕ್ಕೆ ಇಂದು ಬಹಿರಂಗವಾಗಿ ಸಿಗುವ ಪುರಾವೆ ಬಹುಮಟ್ಟಿಗೆ ಅದೇ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಮಾನಗಳು ಸರಳವಾಗಿವೆ. ರವಾನೆಯನ್ನೇ ಮಾರಾಟವೆಂದು ನಂಬಬಾರದು. ಪ್ರತಿಯ ಲೆಕ್ಕವನ್ನೂ ಹಣದ ಲೆಕ್ಕವನ್ನೂ ನೋಟದ ಲೆಕ್ಕವನ್ನೂ ಒಂದರೊಡನೊಂದು ಬೆರೆಸಬಾರದು. ಎಣಿಕೆಯಿಲ್ಲದಿರುವುದನ್ನು ಬೇಡಿಕೆಯಿಲ್ಲದಿರುವುದೆಂದು ಓದಬಾರದು. ಮೂರನೆಯ ತಪ್ಪಿಗೆ ಕನ್ನಡ ತೆತ್ತ ಬೆಲೆ ದೊಡ್ಡದು.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದಲ್ಲಿ ನೋಡಿದ ಮಕ್ಕಳ ಚಿತ್ರಗಳಲ್ಲಿ ಕನ್ನಡದ ಧ್ವನಿಯ ಪಾಲೆಷ್ಟೆಂಬ ಒಂದೇ ಒಂದು ಅಂಕಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಸ್ಟ್ರೀಮಿಂಗ್ ಸಂಸ್ಥೆಗಳನ್ನು ರಾಜ್ಯ ಸರ್ಕಾರವೂ ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ಕೇಳಬಹುದು. ಇದರಿಂದ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ. ಹಳೆಯ ಡಿಸ್ಕುಗಳೂ ಹೊದಿಕೆಗಳೂ ಗುಜರಿ ಸೇರುವ ಮೊದಲು ಅವನ್ನು ಕೂಡಿಡುವ ಕೆಲಸವನ್ನು ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಕೈಗೊಳ್ಳಬಹುದು, ಏಕೆಂದರೆ 1984ರ ತಿದ್ದುಪಡಿಯ ದೆಸೆಯಿಂದ ಅಸಲಿ ಪ್ರತಿಯ ಹೊದಿಕೆಯೇ ತಯಾರಕರ, ಹಕ್ಕುದಾರರ ಹೆಸರುಳ್ಳ ದಾಖಲೆ. ಕೂಡಿಡುವುದು ಹೇಗೆಂಬುದಕ್ಕೆ ಮಾದರಿಯೂ ಈ ಸೀಮೆಯಲ್ಲೇ ಇದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ, ದೀಪದ ಮುಂದೆ ಚರ್ಮದ ಚಿತ್ರಗಳನ್ನು ಕುಣಿಸಿ ಪರದೆಯ ಮೇಲೆ ಕಥೆ ಹೇಳುತ್ತಿದ್ದ ತೊಗಲುಗೊಂಬೆಗಳು, ಅಂದರೆ ಅನಿಮೇಷನ್ನಿನ ಹಿರಿಯ ಬಂಧುಗಳು, ಹಳ್ಳಿಗಳಿಂದ ಬಂದು ಸುರಕ್ಷಿತವಾಗಿವೆ. ಅವು ಜನಪ್ರಿಯವಾಗಿದ್ದ ಕಾಲದಲ್ಲಿ ಯಾರೂ ಎಣಿಸಲಿಲ್ಲ. ಕಣ್ಮರೆಯಾಗುವ ಹೊತ್ತಿಗೆ ಒಬ್ಬರು ಕೂಡಿಟ್ಟರು. ಡಿಸ್ಕಿನ ಕಾಲಕ್ಕೂ ಅಷ್ಟರ ಮಟ್ಟಿನ ಅವಕಾಶ ಇನ್ನೂ ಇದೆ, ಸ್ಟ್ರೀಮಿಂಗಿನ ಕಾಲಕ್ಕೆ ಕೂಡಿಡುವುದರ ಜೊತೆಗೆ ಎಣಿಸುವ ಅವಕಾಶವೂ ಇದೆ. ದಿನದ ಗೂಡನ್ನು ದಿನವೇ ತೂಗಿ ತಳಿವಾರು ಬರೆದಿಡುವ ಊರಿಗೆ, ತನ್ನ ಮಕ್ಕಳು ನೋಡುವ ಕಥೆಗಳಿಗೂ ಅಂಥದೊಂದು ಪುಸ್ತಕ ಬೇಕೆಂದು ಮೊದಲು ಕೇಳುವ ಅರ್ಹತೆ ಇದೆ.